ಕುಂಬಾರನ ಸಾಕ್ಷಿ

“ಗುರುಗಳೇ, ಸಭೆಯ ಮುಂದೆ ನಿಂತಾಗ ಬರುವ ನಡುಕವನ್ನು ಹೋಗಲಾಡಿಸುವುದು ಹೇಗೆ?” ಎಂದು ಶಿಷ್ಯನಾದ ಮಹಾಂತಯ್ಯನು ಕೇಳಿದನು. ಮರುದಿನ ಅವನು ಮೊದಲ ಸಲ ಮಠದಲ್ಲಿ ಸೇರುವ ಜನರಿಗೆ ಪ್ರವಚನ ಹೇಳಬೇಕಾಗಿತ್ತು. ಆಡಬೇಕಾದ ಮಾತೆಲ್ಲ ಬಾಯಿಪಾಠವಾಗಿತ್ತು. ಆದರೂ ಬೆಳಗಿನಿಂದ ಅದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದನು.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದನು. ನಾಲ್ಕು ಜನ ಸೇರಿದ ಕಡೆ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಸಂತೆಯಲ್ಲಿ ಮಡಕೆಯ ಬೆಲೆಯನ್ನೂ ಅವನ ಹೆಂಡತಿಯೇ ಹೇಳಬೇಕು. ಅವನು ಹಿಂದೆ ನಿಂತು ಮಡಕೆಯನ್ನು ಬಡಿದು ತೋರಿಸುವನು, ಅಷ್ಟೇ.

ಒಂದು ಸಂಜೆ ಆ ಊರಿನ ಒಬ್ಬ ರೈತನ ಬಣವೆಗೆ ಬೆಂಕಿ ಬಿದ್ದಿತು. ಮೇವಿನ ವಿಷಯದಲ್ಲಿ ಆ ರೈತನೊಡನೆ ಜಗಳವಾಡಿದ್ದ ಒಬ್ಬ ಕುರಿಗಾಹಿಯ ಮೇಲೆ ಎಲ್ಲರ ಬೆರಳು ತಿರುಗಿತು. “ಆ ಹೊತ್ತಿನಲ್ಲಿ ನಾನು ಕೆರೆಯಂಗಳದಲ್ಲಿದ್ದೆ. ಕೆಸರಿಗೆ ಸಿಕ್ಕಿದ ಕುಂಬಾರನ ಕತ್ತೆಯನ್ನು ಎಳೆಯುತ್ತಿದ್ದೆ” ಎಂದು ಅವನು ಹೇಳಿದರೂ ಯಾರೂ ನಂಬಲಿಲ್ಲ. ಅದನ್ನು ಬಲ್ಲವನು ಕುಂಬಾರನೊಬ್ಬನೇ. ಪಂಚಾಯಿತಿಗೆ ಬಂದು ಸಾಕ್ಷಿ ನುಡಿಯುವಂತೆ ಅವನಿಗೆ ಕರೆ ಬಂತು.

ಕುಂಬಾರನು ಒಣಗಲಿಟ್ಟ ಮಡಕೆಗಳನ್ನೇ ಸಭೆಯೆಂದು ಭಾವಿಸಿ, ಅವುಗಳ ಮುಂದೆ ನಿಂತು ಮಾತನ್ನು ಉರುಹೊಡೆದನು. ‘ಸಭೆಗೆ ಶರಣು’ ಎಂದು ಆರಂಭಿಸಿ ಕೊನೆಯ ತನಕ ಒಂದಕ್ಷರ ತಪ್ಪದಂತೆ ಒಪ್ಪಿಸುವಷ್ಟಾಯಿತು.

ಪಂಚಾಯಿತಿಯ ದಿನ ಕಟ್ಟೆಯ ಸುತ್ತ ಊರೇ ನೆರೆದಿತ್ತು. ಕುಂಬಾರನು ಎದ್ದು ನಿಂತು, “ಸಭೆಗೆ ಶರಣು” ಎಂದನು. ಮುಂದಿನ ಮಾತು ಬರಲಿಲ್ಲ. ತನ್ನ ಕೈ ನಡುಗುವುದು ಅವನಿಗೆ ಕಂಡಿತು. ಅದು ಎಲ್ಲರಿಗೂ ಕಾಣುತ್ತಿದೆಯೆಂದು ಹೊಳೆದೊಡನೆ ಕಾಲೂ ನಡುಗಿತು. ಮತ್ತೆ “ಸಭೆಗೆ ಶರಣು” ಎಂದನು. ಯಾರೋ ನಕ್ಕರು.

“ಹೇಳುವುದಿದ್ದರೆ ಹೇಳಪ್ಪಾ, ಇಲ್ಲವಾದರೆ ಕುಳಿತುಕೋ” ಎಂದನು ಊರಿನ ಹಿರಿಯ.

ಕುಂಬಾರನು ಕುಳಿತುಬಿಟ್ಟನು. ಕುಳಿತಾಗ ಅವನಿಗೆ ಮೊದಲು ಆದದ್ದು ಸಮಾಧಾನ. ಇನ್ನು ಯಾರೂ ತನ್ನನ್ನು ನೋಡುವುದಿಲ್ಲ.

ಸಾಕ್ಷಿ ಇಲ್ಲವೆಂದಾಯಿತು. ಹೊತ್ತು ಮುಳುಗುವುದರೊಳಗೆ ಕುರಿಗಾಹಿಯ ಸಂಸಾರ ಊರು ಬಿಡಬೇಕೆಂದು ಹಿರಿಯನು ತೀರ್ಪು ಕೊಟ್ಟನು. ಕುರಿಗಾಹಿ ಕುಂಬಾರನನ್ನು ಬೈಯಲಿಲ್ಲ. ಅವನ ಕಡೆ ತಿರುಗಿಯೂ ನೋಡಲಿಲ್ಲ. ಕುರಿಗಾಹಿಯ ಹೆಂಡತಿ ಕೂಸನ್ನು ಕಂಕುಳಿಗೆ ಏರಿಸಿಕೊಂಡು, “ನಡೆಯಿರಿ, ಬೆಳಕಿರುವಾಗಲೇ ಹಳ್ಳ ದಾಟೋಣ. ಆಚೆ ಯಾರಾದರೂ ನೆರಳು ಕೊಟ್ಟಾರು” ಎಂದಳು.

ಆ ಮಾತು ಕುಂಬಾರನ ಕಿವಿಗೆ ಬಿತ್ತು. ಯಾವಾಗ ಎದ್ದನೋ ಅವನಿಗೇ ತಿಳಿಯದು. ಜನರ ನಡುವೆ ನುಗ್ಗಿ ಹೋಗಿ ಆಕೆಗೆ ಅಡ್ಡ ನಿಂತನು.

“ಹೋಗಬೇಡ ತಂಗೀ” ಎಂದನು. “ಕತ್ತೆ ಹೂತುಹೋಗಿತ್ತು. ಕತ್ತು ಮಾತ್ರ ಮೇಲಿತ್ತು. ನಾನು ಕೂಗಿದೆ, ಇವನು ಕುರಿಗಳನ್ನು ಬಿಟ್ಟು ಓಡಿ ಬಂದ. ಕೆಸರಿಗೆ ಇಳಿದ. ನಾವು ಎಳೆಯುತ್ತಿರುವಾಗಲೇ ಊರ ಕಡೆ ಹೊಗೆ ಕಂಡಿತು. ಇವನಲ್ಲ ಸ್ವಾಮೀ, ಇವನಲ್ಲ. ಇವನು ನನ್ನ ಜೊತೆಗಿದ್ದ.”

ಮಾತು ತಡವರಿಸಿತು, ಹಿಂದುಮುಂದಾಯಿತು. ಉರುಹೊಡೆದದ್ದರಲ್ಲಿ ಒಂದು ಪದವೂ ಅದರಲ್ಲಿರಲಿಲ್ಲ. ಆದರೆ ಈ ಸಲ ಯಾರೂ ನಗಲಿಲ್ಲ.

ಗುಂಪಿನಿಂದ ಒಬ್ಬ ಮುದುಕಿ, “ಹೌದು, ಆ ಸಂಜೆ ಇವರಿಬ್ಬರೂ ಮೈಯೆಲ್ಲ ಕೆಸರಾಗಿ ಕೆರೆಯ ಕಡೆಯಿಂದ ಬಂದದ್ದನ್ನು ನಾನೂ ಕಂಡೆ. ಯಾಕೆಂದು ಈಗ ತಿಳಿಯಿತು” ಎಂದಳು. ಹಿರಿಯನು ರೈತನ ಮುಖ ನೋಡಿದನು. ರೈತನು ತಲೆ ತಗ್ಗಿಸಿದನು. ಕೊಟ್ಟ ತೀರ್ಪನ್ನು ಹಿರಿಯನು ಅಲ್ಲಿಯೇ ಹಿಂದಕ್ಕೆ ತೆಗೆದುಕೊಂಡನು. ಕುರಿಗಾಹಿಯ ಸಂಸಾರ ಊರಿನಲ್ಲಿಯೇ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು.

ಮಹಾಂತಯ್ಯನು, “ಹಾಗಾದರೆ ಎರಡನೆಯ ಸಲ ಎದ್ದಾಗ ಕುಂಬಾರನ ನಡುಕ ಹೋಗಿತ್ತೇ, ಗುರುಗಳೇ?” ಎಂದು ಕೇಳಿದನು.

“ಎಲ್ಲಿ ಹೋಗುತ್ತದಪ್ಪಾ, ಹಾಗೆಯೇ ಇತ್ತು, ಅದನ್ನು ನೋಡಿಕೊಳ್ಳಲು ಅವನಿಗೆ ಪುರುಸೊತ್ತಿರಲಿಲ್ಲ” ಎಂದರು ಗುರುಗಳು.