ಕುದುರೆಯ ತಲೆ ಹಿಡಿದ ಅಜ್ಜನವರು

ಮಡ್ಡಿಹಾಳ ಮಠದ ಪೂಜ್ಯ ನಿರ್ವಾಣಜ್ಜನವರು ಗದ್ದುಗೆಯ ಮೇಲೆ ಕೂತದ್ದಕ್ಕಿಂತ ಲಾಯದಲ್ಲಿ ಲದ್ದಿ ಬಳಿದದ್ದೇ ಹೆಚ್ಚು. ಗುರುಗಳಿಗೆ ಇದು ತಕ್ಕ ಕೆಲಸವಲ್ಲವೆಂದು ಭಕ್ತರು ನೊಂದುಕೊಳ್ಳುತ್ತಿದ್ದರು. ಹಾಗೆಂದು ಒಬ್ಬರೂ ಪೊರಕೆ ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ಮಠದ ಮುದಿ ಕುದುರೆ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಿತು. ಎಲುಬು ಚರ್ಮ ಹರಿದು ಹೊರಬಂದಿತ್ತು. ಪಶುವೈದ್ಯ ಚಂದ್ರಕಾಂತ ಹಳಿಸಗರ ಬಂದು ನೋಡಿ, ಇದು ಕೂಡುವ ಎಲುಬಲ್ಲ, ಸೂಜಿ ಕೊಟ್ಟು ನೋವು ಮುಗಿಸುವುದೊಂದೇ ದಾರಿ ಎಂದರು.

ಹಿರಿಯ ಭಕ್ತ ಗುರುಲಿಂಗಪ್ಪ ಡಾಕ್ಟರನ್ನು ಗೋಡೆಯ ಮರೆಗೆ ಕರೆದರು. ನಾವೆಲ್ಲ ಒಳಗೆ ಭಜನೆಗೆ ಕೂರುತ್ತೇವೆ, ತಾಳ ಜೋರಾಗಿರುತ್ತದೆ, ಅಷ್ಟರಲ್ಲಿ ಕೆಲಸ ಮುಗಿಸಿಬಿಡಿ. ಕುದುರೆ ತಾನಾಗಿಯೇ ಶಿವನ ಪಾದ ಸೇರಿತೆಂದು ಊರಿಗೆ ಹೇಳುತ್ತೇವೆ ಎಂದರು.

"ನಿಮಗೇನ್ರಿ ಡಾಕ್ಟ್ರ, ರೂಢಿ ಆಗೇತಿ."

ಎಲ್ಲ ಊರಲ್ಲೂ ಇದೇ ಕಥೆ. ಸಾಕಿದವರು ಬಾಗಿಲು ಹಾಕಿಕೊಂಡು ಅಳುತ್ತಾರೆ. ಪ್ರಾಣಿಯ ಕೊನೆಯ ನೋಟಕ್ಕೆ ಸಿಗುವವರು ಡಾಕ್ಟರೊಬ್ಬರೇ. ಆಮೇಲೆ ಅವರಿಗೆ ನೀರು ಕೊಡಲಿಕ್ಕೂ ಮನೆಯವರು ಹಿಂಜರಿಯುತ್ತಾರೆ. ಈಚೆಗೆ ಡಾಕ್ಟರಿಗೆ ಅನ್ನ ಸೇರುತ್ತಿರಲಿಲ್ಲ, ಅಳುವೂ ಬತ್ತಿತ್ತು. ಇದೇ ಕೊನೆಯ ಸೂಜಿ, ನಾಳೆಯಿಂದ ಈ ನೌಕರಿಯೇ ಬೇಡವೆಂದು ನಿಶ್ಚಯಿಸಿಯೇ ಬಂದಿದ್ದರು.

ಲಾಯಕ್ಕೆ ಹೋದರೆ ಪೂಜ್ಯರು ಕುದುರೆಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು.

"ಅಜ್ಜಾರ, ನೀವೂ ಒಳಗ ನಡೀರಿ. ಈ ಪಾಪ ನನಗಿರಲಿ" ಎಂದರು ಡಾಕ್ಟರು.

"ಪಾಪ ಒಳಗ ಕುಂತು ತಾಳ ಬಾರಸಾಕತ್ತೈತಪ್ಪ."

ಪೂಜ್ಯರು ಎದ್ದು ಹೋಗಿ ಭಜನೆ ನಿಲ್ಲಿಸಿದರು. "ನಮ್ಮನ್ನ ಹೊತ್ತು ತಿರುಗೂವಾಗ ನಮ್ಮ ಕುದುರಿ, ಸಾಯೂವಾಗ ಡಾಕ್ಟರದೇನು?" ಎಂದು ಕೇಳಿದರು. ಎಲ್ಲರನ್ನೂ ಲಾಯಕ್ಕೆ ಕರೆತಂದು, ಗುರುಲಿಂಗಪ್ಪನ ಕೈಯನ್ನು ಕುದುರೆಯ ಕುತ್ತಿಗೆಯ ಮೇಲಿಟ್ಟರು. ತಲೆಯನ್ನು ತಮ್ಮ ತೊಡೆಯ ಮೇಲೆ ತೆಗೆದುಕೊಂಡರು.

ಡಾಕ್ಟರು ಸೂಜಿ ಕೊಟ್ಟರು. ಅಜ್ಜನವರನ್ನೇ ನೋಡುತ್ತ ಕುದುರೆ ಉಸಿರು ಬಿಟ್ಟಿತು.

ಪೂಜ್ಯರು ಚೆಂಬಿನ ನೀರಿನಿಂದ ಡಾಕ್ಟರ ಎರಡೂ ಕೈ ತೊಳೆದು, ತಮ್ಮ ಹೆಗಲ ವಸ್ತ್ರದಿಂದ ಒರೆಸಿದರು. ಆಗ ಡಾಕ್ಟರು ಅತ್ತರು. ತಾಳ ನಿಂತಿದ್ದರಿಂದ ಆ ಅಳು ಎಲ್ಲರಿಗೂ ಕೇಳಿಸಿತು.

ಡಾಕ್ಟರು ನೌಕರಿ ಬಿಡಲಿಲ್ಲ. ಆದರೆ ಅಂದಿನಿಂದ ಯಾರ ಮನೆಗೆ ಹೋದರೂ, ಸಾಕಿದವರು ಹೊರಬಂದು ಪ್ರಾಣಿಯ ತಲೆ ಹಿಡಿಯುವವರೆಗೆ ಅವರು ಚೀಲ ಬಿಚ್ಚಲಿಲ್ಲ. ಬೈದವರ ಬೈಗುಳ ಕೇಳಿಕೊಂಡು, ಅವರು ಬರುವವರೆಗೂ ಅಂಗಳದಲ್ಲೇ ಕಾಯುತ್ತಿದ್ದರು.