ಜೀಪಿನ ಚಕ್ಕುಬಂದಿ

ಲಾರಿ ಓಡಿಸಿ ಓಡಿಸಿ ಮುದುಕನಾದ ಮೌಲಾಸಾಬ, ನಾಲ್ಕೂ ಚಕ್ರ ಎಳೆಯುವ ಹಳೇ ಜೀಪಿನ ಬೆನ್ನಿಗೆ ತಗಡಿನ ಕೋಣೆ ಕಟ್ಟಿಕೊಂಡು ಊರೂರು ಅಲೆಯುತ್ತಿದ್ದ. ಒಳಗೊಂದು ಮಂಚ, ಒಲೆ, ಕಿಟಕಿಗೆ ಹಳದಿ ಪರದೆ. ಆ ಮುಂಜಾನೆ ಜೀಪು ಹಿನ್ನೀರಿನ ದಂಡೆಯಲ್ಲಿ ಮಂಜು ಹೊದ್ದು ನಿಂತಿತ್ತು.

ಕಂದಾಯ ಸಾಹೇಬರು ಬಂದವರೇ ಗುಡುಗಿದರು. "ಏ ಮುದುಕಾ! ಮಂಚ ಐತಿ, ಒಲಿ ಐತಿ. ಇದು ಮನಿ! ಸರಕಾರಿ ಜಾಗಾದಾಗ ಮನಿ ಕಟ್ಟೀಯಲ್ಲ, ಜಪ್ತಿ ಮಾಡತೀನಿ."

"ಮನೀನ ರೀ ಸಾಹೇಬ್ರ. ಒಳಗ ಕುಂತು ಬರಕೋರಿ. ಚಕ್ಕುಬಂದಿ ಮಾತ್ರ ಬಿಡಬ್ಯಾಡ್ರಿ. ನಾಕೂ ದಿಕ್ಕಿಗೆ ಏನೈತಂತ ಬರೀದಿದ್ರ ಜಪ್ತಿ ಕೋರ್ಟಿನಾಗ ನಿಲ್ಲಂಗಿಲ್ಲ."

ಸಾಹೇಬರು ಮಂಚದ ಮೇಲೆ ಕೂತು, ಪರದೆ ಸರಿಸಿ ನೋಡಿ, 'ಪೂರ್ವಕ್ಕೆ ಹಿನ್ನೀರು' ಎಂದು ಬರೆದರು. ಮೌಲಾಸಾಬ ಮುಂದೆ ಹೋಗಿ ಕೂತು ಮೆಲ್ಲಗೆ ಜೀಪು ಓಡಿಸತೊಡಗಿದ. ಅವರು ತಲೆ ಎತ್ತಿದಾಗ ಕಿಟಕಿಯಲ್ಲಿ ಸೂರ್ಯಕಾಂತಿ ಹೊಲವಿತ್ತು. ಹಿನ್ನೀರು ಹೊಡೆದುಹಾಕಿ ಹೊಲ ಬರೆದರು. ಹೊಲ ಹೋಗಿ ಬಂಡೆಗುಡ್ಡ ಬಂತು.

"ಏ, ನಿಲ್ಲಸೋ!"

"ಮನಿ ಯಾರರ ನಿಲ್ಲಸ್ತಾರೇನ್ರಿ? ಗಾಡಿ ಅಂತ ಬರೀರಿ, ಈಗ ನಿಲ್ಲಸ್ತೀನಿ."

ಸಾಹೇಬರು ಸಿಟ್ಟಿನಿಂದ ಪೆನ್ನು ಎತ್ತಿದರು. ಕಿಟಕಿಯಲ್ಲಿ ಗುಡ್ಡ ಕರಗಿ ಕುರಿಹಿಂಡು ತೇಲಿಬಂತು, ಅದರ ಹಿಂದೆ ಬಿಸಿಲು, ಬಿಸಿಲಿನ ಹಿಂದೆ ಯಾವುದೋ ಹೆಸರಿಲ್ಲದ ಹಳ್ಳ. ಎತ್ತಿದ ಪೆನ್ನು ಅಲ್ಲೇ ಉಳಿಯಿತು. ಪರದೆ ಅವರ ಕೆನ್ನೆ ಸವರುತ್ತಿತ್ತು.

ಬಹಳ ಹೊತ್ತಿನ ಮೇಲೆ ಮೆತ್ತಗೆ ಕೇಳಿದರು. "ಚಾಚಾ, ಪಶ್ಚಿಮಕ್ಕ ಸಮುದ್ರ ಬರತೈತೇನು?"

"ಬರತೈತ್ರಿ. ಎರಡು ದಿನ ಬೇಕು."

ಸಾಹೇಬರು ಬೂಟು ಬಿಚ್ಚಿಟ್ಟರು.