ಗೆರೆ ತಿನ್ನುವ ಹಾಸು

ನೀಲಗಂಗಾ ಬಾಸಿಂಗ ಮಾಡುವವಳು. ಮದುವೆಯಲ್ಲಿ ಗಂಡು ಹೆಣ್ಣಿನ ಹಣೆಗೆ ಕಟ್ಟುತ್ತಾರಲ್ಲ, ಬೆಂಡು, ಬಂಗಾರದ ಬಣ್ಣದ ಹಾಳೆ, ಮುತ್ತು ಸೇರಿಸಿ ಮಾಡಿದ್ದು, ಅದು. ಒಂಬತ್ತು ವರ್ಷ ಗುರು ಹೊನ್ನಕ್ಕನ ಪಡಸಾಲೆಯ ಮೂಲೆಯಲ್ಲಿ ಕೂತು ಕೆಲಸ ಕಲಿತಳು. ಹತ್ತನೆಯ ವರ್ಷ ಗದಗಿನ ಒಂದು ಓಣಿಯಲ್ಲಿ ಸ್ವಂತದ ಖೋಲಿ ಹಿಡಿದಳು. ಖೋಲಿಗೆ ಸುಣ್ಣ ಹೊಡೆಸುವ ಮೊದಲೇ ಮೇಜು ಮಾಡಿಸಿದಳು.

ಸಾಗವಾನಿಯ ಮೇಜು. ಮೂರು ಸಲ ಪಾಲಿಶ್ ಕುಡಿದದ್ದು. ಬಗ್ಗಿ ನೋಡಿದರೆ ಮೂಗುತಿಯ ಹರಳೂ ಕಾಣುವಷ್ಟು ನುಣುಪು. ಅಕ್ಕಂದಿರ ಲಂಗ, ಅಣ್ಣನ ಪಾಟಿ, ಗುರುವಿನ ಮೂಲೆ ಎಂದು ಹುಟ್ಟಿದಾಗಿನಿಂದ ಇನ್ನೊಬ್ಬರದನ್ನೇ ಬಳಸುತ್ತ ಬಂದವಳು ಅವಳು. ಯಾರೂ ಮೊದಲು ಮುಟ್ಟದೆ ಅವಳ ಕೈಗೆ ಬಂದದ್ದು ಈ ಮೇಜೊಂದೇ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ದೇವರ ದೀಪಕ್ಕಿಂತ ಮೊದಲು ಮೇಜು ಒರೆಸುತ್ತಿದ್ದಳು. ಇದು ದೇವರಿಗೂ ಗೊತ್ತಿತ್ತು. ಅವನು ಸುಮ್ಮನಿದ್ದ.

ಹೊಸ ಮೇಜಿನವರು ಯಾವ ದೇಶಕ್ಕೆ ಹೋಗಿ ನೋಡಿದರೂ ಒಂದೇ ಥರ. ಬಂದವರು ಚಹಾದ ಲೋಟ ಕೈಗೆತ್ತಿಕೊಂಡರೆ ಅವರ ಕಣ್ಣು ಲೋಟದ ಬುಡದಲ್ಲಿ. ನೀಲಗಂಗಾಳ ಕಷ್ಟ ಇನ್ನೂ ದೊಡ್ಡದು. ಬಾಸಿಂಗದ ಹೂ, ಎಲೆ, ನವಿಲು ಎಲ್ಲವನ್ನೂ ಹಾಳೆಯಲ್ಲಿ ಕೊರೆಯಬೇಕು. ಕೊರೆಯುವುದಕ್ಕೆ ಚಾಕು ಬೇಕು. ಚಾಕುವಿಗೆ ಸಾಗವಾನಿ, ಬೇವು ಎಂಬ ಭೇದವಿಲ್ಲ.

ಹಾಗಾಗಿ ಮೇಜಿಗೆ ಒಂದು ಹಾಸು ಹುಡುಕಿಕೊಂಡು ಹುಬ್ಬಳ್ಳಿಗೆ ಹೋದಳು.

ಅಂಗಡಿಯವನು ಮೊದಲು ಹಸಿರು ಬಣ್ಣದ, ಚೌಕಳಿ ಗೆರೆ ಹಾಕಿದ ರಬ್ಬರಿನಂಥ ಮ್ಯಾಟ್ ಬಿಚ್ಚಿ ತೋರಿಸಿದ. "ಇದು ತಗೋರಿ ಅಕ್ಕಾರ. ಕೊರೆಯೋ ಕೆಲಸದವರೆಲ್ಲ ಇದನ್ನ ಒಯ್ತಾರ."

"ಇದರ ಮ್ಯಾಲ ಗೆರಿ ಬೀಳಂಗಿಲ್ಲೇನ್ರಿ?"

"ಬೀಳ್ತಾವ. ಬೀಳಲಿ ಅಂತನ ಅಲ್ಲೇನ್ರಿ ಹಾಸೋದು?"

"ಮತ್ತ ಮೇಜು ಕಾಣಂಗಿಲ್ಲಲ್ಲ."

ಅಂಗಡಿಯವನು ಅವಳನ್ನು ಒಂದು ಗಳಿಗೆ ನೋಡಿದ. ಮೇಜು ಕಾಣಲಿ ಎಂದು ಹಾಸು ಕೇಳಿದವರು ಅವನ ಅಂಗಡಿಗೆ ಬಂದಿರಲಿಲ್ಲ. ರೆಕ್ಸಿನ್ ತೋರಿಸಿದ, ಬೇಡವೆಂದಳು. ದಪ್ಪ ಕಂಬಳಿಯ ತುಂಡು ತೋರಿಸಿದ, ಅದನ್ನೂ ಬೇಡವೆಂದಳು. ಕೊನೆಗೆ ಅವನು ಎದುರಿನ ಗಾಜಿನ ಅಂಗಡಿಗೆ ಕೈ ತೋರಿಸಿದ. ಅಲ್ಲಿ ನೀಲಗಂಗಾಳ ಮುಖ ಅರಳಿತು. ಗಾಜು ಹಾಸಿದರೆ ಮೇಜೂ ಕಾಣುತ್ತದೆ, ಚಾಕುವೂ ತಾಗುವುದಿಲ್ಲ, ಗೆರೆಯೂ ಬೀಳುವುದಿಲ್ಲ. ಅಳತೆ ಕೊಟ್ಟು, ಅಂಚು ಉಜ್ಜಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡು ಬಂದಳು.

ಗಾಜಿನ ಮೇಲೆ ಅವಳ ಕೆಲಸ ನಡೆಯಿತು. ಒಂಬತ್ತು ವರ್ಷದ ಕೈ ಅದು, ಚಾಕುವನ್ನು ಹಾಳೆಯ ಮೇಲೆ ತೇಲಿಸುತ್ತಿತ್ತು. ಚಾಕುವಿನ ಮೊನೆ ಮಾತ್ರ ಬೇಗ ಮೊಂಡಾಗುತ್ತಿತ್ತು. ಸಾಣೆ ಹಿಡಿದುಕೊಂಡಳು, ಅಷ್ಟೇ. ಮೇಜು ಹೊಳೆಯುತ್ತಿತ್ತಲ್ಲ.

ಆಗ ಬಂದಳು ದೇವಕ್ಕ.

ದೇವಕ್ಕ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ನೀಲಗಂಗಾಳಿಗಿಂತ ಹದಿನೈದು ವರ್ಷ ದೊಡ್ಡವಳು. ಗಂಡ ತೀರಿಕೊಂಡು ಬಹಳ ದಿನವಾಗಿತ್ತು. ಒಬ್ಬಳೇ ಮಗಳು, ರತ್ನವ್ವ. ಅವಳ ಮದುವೆ ಗೊತ್ತಾಗಿತ್ತು, ಇನ್ನು ಒಂದೇ ತಿಂಗಳು.

"ಮಗಳಿಗೆ ಬಂಗಾರ ಹಾಕೋದು ನನ್ನ ಕೈಲಿ ಆಗಂಗಿಲ್ಲ ಅಕ್ಕೋರ. ಹಣಿಗೆ ಕಟ್ಟೋ ಬಾಸಿಂಗಾದ್ರೂ ನನ್ನ ಕೈಯಿಂದ ಆಗ್ಲಿ. ಕಲಿಸ್ತೀರೇನು?" ಎಂದಳು.

ತನಗಿಂತ ದೊಡ್ಡವಳು ತನ್ನನ್ನು ಸಾಲಿ ಕಲಿಸುವವರನ್ನು ಕರೆಯುವಂತೆ ಅಕ್ಕೋರ ಎಂದಾಗ ನೀಲಗಂಗಾಳಿಗೆ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಹಿಗ್ಗು. "ಬರ್ರಿ ದೇವಕ್ಕ, ಮಧ್ಯಾಹ್ನದ ಪಂಕ್ತಿ ಮುಗಿದ ಮ್ಯಾಲ ಬರ್ರಿ" ಎಂದಳು.

ದೇವಕ್ಕ ಬಂದಳು. ಕೈಗೆ ಅಂಟಿದ ಜೋಳದ ಹಿಟ್ಟು ತೊಳೆದು, ಸೆರಗಿಗೆ ಒರೆಸಿ, ಚಾಕು ಹಿಡಿದಳು. ದಿನಕ್ಕೆ ಮುನ್ನೂರು ರೊಟ್ಟಿ ಬಡಿದ ಕೈ ಅದು. ಒತ್ತಿದರೇ ಕೆಲಸ ಎಂದು ಇಪ್ಪತ್ತು ವರ್ಷ ಕಲಿತ ಕೈ. ಅವಳು ಒತ್ತಿದಳು. ಕೆಳಗೆ ಗಾಜು. ಚಾಕು ಊರಲು ಜಾಗವಿಲ್ಲದೆ ಸರ್ರನೆ ಜಾರಿತು. ಹೂವಿನ ಎಸಳು ಹರಿಯಿತು.

"ಹಗುರ ದೇವಕ್ಕ, ಹಗುರ. ಗಾಜಿಗೆ ಗೀರು ಬಿದ್ದೀತು."

ಮರುದಿನವೂ ಅದೇ. "ಹಗುರ." ಅದರ ಮರುದಿನವೂ. ಒತ್ತಿದರೆ ಜಾರುತ್ತಿತ್ತು, ಒತ್ತದಿದ್ದರೆ ಹಾಳೆ ಕೊರೆಯುತ್ತಿರಲಿಲ್ಲ. ದೇವಕ್ಕ ಹಾಳೆ ನೋಡುವುದು ಬಿಟ್ಟು ನೀಲಗಂಗಾಳ ಮುಖ ನೋಡತೊಡಗಿದಳು. ನೀಲಗಂಗಾ ಅವಳ ಕೈ ನೋಡುವುದು ಬಿಟ್ಟು ಗಾಜನ್ನೇ ನೋಡುತ್ತಿದ್ದಳು.

ಮದುವೆಗೆ ಹನ್ನೆರಡು ದಿನ ಇದ್ದಾಗ ಚಾಕು ಜಾರಿ ದೇವಕ್ಕನ ಎಡಗೈ ಹೆಬ್ಬೆರಳಿಗೆ ತಾಗಿತು. ಗಾಯ ಸಣ್ಣದು. ಆದರೆ ಒಂದು ಹನಿ ರಕ್ತ ಗಾಜಿನ ಮೇಲೆ, ಎರಡು ಹನಿ ಹೋಗಿ ಬಂಗಾರದ ಹಾಳೆಯ ಮೇಲೆ ಬಿತ್ತು. ಮದುವೆಯ ಹಾಳೆ. ದೇವಕ್ಕನ ಮುಖ ಇಳಿದುಹೋಯಿತು.

ನೀಲಗಂಗಾ ಒದ್ದೆ ಬಟ್ಟೆ ತಂದಳು. ತಂದವಳು ಮೊದಲು ಒರೆಸಿದ್ದು ಗಾಜನ್ನು.

ದೇವಕ್ಕ ಅದನ್ನು ನೋಡಿದಳು. ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ನಿಂತಳು. "ಇರ್ಲಿ ಬಿಡ್ರಿ ಅಕ್ಕೋರ. ಈ ಕೈ ರೊಟ್ಟಿಗೆ ಸೈ. ಬಾಸಿಂಗ ನೀವ ಮಾಡಿಕೊಡ್ರಿ, ನಾ ಕೊಂಡ್ಕೋತೀನಿ."

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೇಜು ಹೊಳೆಯುತ್ತಲೇ ಇತ್ತು. ಬಗ್ಗಿ ನೋಡಿದರೆ ನೀಲಗಂಗಾಳಿಗೆ ತನ್ನ ಮುಖ ಚೆನ್ನಾಗಿಯೇ ಕಾಣುತ್ತಿತ್ತು. ನೋಡಬೇಕೆನಿಸಲಿಲ್ಲ.

ಮೂರನೆಯ ದಿನ ಅವಳು ಹೊನ್ನಕ್ಕನ ಮನೆಗೆ ಹೋದಳು. ಹೊನ್ನಕ್ಕ ಎಂದಿನಂತೆ ಪಡಸಾಲೆಯಲ್ಲಿ ಕೂತು ಎಲೆ ಕೊರೆಯುತ್ತಿದ್ದಳು. ನೀಲಗಂಗಾ ಎಲ್ಲವನ್ನೂ ಹೇಳಿದಳು. ಗಾಜನ್ನು ಮೊದಲು ಒರೆಸಿದ್ದೊಂದನ್ನು ಬಿಟ್ಟು.

"ಮೇಜು ಚಲೋ ಐತಿ, ಗಾಜು ಚಲೋ ಐತಿ. ಆಕಿ ಕೈನ ಭಾರ ಹೊನ್ನಕ್ಕಾ. ನಾನರ ಏನ್ ಮಾಡ್ಲಿ?"

"ನಿನ್ನ ಕೈ ಹಗುರ ಇತ್ತೇನು, ನೀ ಬಂದಾಗ?"

"ಇತ್ತಲ್ಲರೀ."

ಹೊನ್ನಕ್ಕ ನಕ್ಕಳು. ಬಾಯಲ್ಲಿ ಎಲೆಅಡಿಕೆ ಇದ್ದುದರಿಂದ ನಗು ಮೂಗಿನಿಂದ ಬಂತು. ಕೊರೆಯುತ್ತಿದ್ದ ಹಾಳೆ ಬದಿಗಿಟ್ಟು, ಮುಂದಿನ ಮೇಜಿನ ಮೇಲೆ ಹಾಸಿದ್ದ ರಟ್ಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಆ ರಟ್ಟನ್ನು ನೀಲಗಂಗಾ ಒಂಬತ್ತು ವರ್ಷ ನೋಡಿದ್ದಳು. ಕುರೂಪದ್ದು. ಮೈತುಂಬ ಗೆರೆ, ಅಂಚು ಸವೆದು ನಾಯಿ ಕಡಿದಂತೆ. ಬಾಸಿಂಗಕ್ಕೆ ಹೇಳಲು ಬರುವವರು ಹೊನ್ನಕ್ಕನಿಗೂ ಒಂದು ಲಗ್ನಪತ್ರ ಕೊಟ್ಟು ಹೋಗುತ್ತಾರೆ. ಅವನ್ನು ಹುಣಸೆಬೀಜದ ಅಂಟಿನಿಂದ ಒಂದರ ಮೇಲೊಂದು ಹಚ್ಚಿ, ಬೀಸುವ ಕಲ್ಲಿನ ಕೆಳಗೆ ಒತ್ತಿಟ್ಟು ಅವಳು ಮಾಡಿಕೊಂಡ ಹಾಸು ಅದು. ಮೇಲಿನ ಪದರ ಗೆರೆ ಬಿದ್ದು ಹಾಳಾದರೆ ಅದರ ಮೇಲೆ ಹೊಸ ಪತ್ರ ಹಚ್ಚುತ್ತಿದ್ದಳು. ದೇವರ ಚಿತ್ರ, ಗಂಡು ಹೆಣ್ಣಿನ ಹೆಸರು ಇದ್ದ ಹಾಳೆ ಮಾತ್ರ ಕತ್ತರಿಸಿ ಗೋಡೆಯ ಗೂಡಿಗೆ, ದೇವರ ಮಾಡಕ್ಕೆ. ಸುಖಾಗಮನ ಬಯಸುವವರ ಉದ್ದ ಪಟ್ಟಿ ಇದ್ದ ಹಾಳೆ ರಟ್ಟಿಗೆ.

"ಲಗ್ನದಾಗ ನೆಂಟರು ಎಲ್ಲಾರನೂ ಚುಚ್ಚತಾರ. ಇಲ್ಲಿ ಸ್ವಲ್ಪ ಚುಚ್ಚಿಸಿಕೊಳ್ಳಲಿ" ಎನ್ನುತ್ತಿದ್ದಳು.

ಈಗ ಅವಳು ಒಂದು ಬಿದಿರ ಸೀಳನ್ನು ನೀರಿಗೆ ಅದ್ದಿ, ರಟ್ಟಿನ ಅಂಚಿನಲ್ಲಿ ಪದರ ಎಣಿಸಿ, ನಡುವೆ ತೂರಿಸಿದಳು. ಮೆಲ್ಲಗೆ ಎಳೆದಳು. ಹಳೆಯ ಅಂಟು ಚರಚರ ಬಿಟ್ಟಿತು. ರಟ್ಟು ಎರಡು ಭಾಗವಾಯಿತು. ಕೆಳಗಿನ ಭಾಗದ ಮೇಲೆ ಒಂದು ಗುಲಾಬಿ ಬಣ್ಣದ ಹಾಳೆ ಕಂಡಿತು.

"ಇದು ವಕೀಲರ ಮನಿ ಲಗ್ನದ್ದು. ನೀ ಬಂದ ವರ್ಷ. ನೋಡು."

ನೀಲಗಂಗಾ ನೋಡಿದಳು. ಗೆರೆಗಳಲ್ಲಿ ಅಂಟು ತುಂಬಿ ಬೆಳ್ಳಗೆ ಕಾಣುತ್ತಿದ್ದವು. ಅವು ಹೊನ್ನಕ್ಕನ ಗೆರೆಗಳಲ್ಲ. ನೇಗಿಲು ಹೊಡೆದಂತೆ ಆಳವಾದವು, ಸೊಟ್ಟ, ಕೆಲವು ಮೂರು ಪದರ ದಾಟಿದ್ದವು. ಒಂದು ಕಡೆ ಒಂದೇ ಜಾಗದಲ್ಲಿ ಏಳು ಗೆರೆ. ಆ ಏಳು ಅವಳಿಗೆ ನೆನಪಾದವು. ಏಳು ಸಲ ನವಿಲಿನ ಕುತ್ತಿಗೆ ಹರಿದಿತ್ತು. ಏಳನೆಯ ಸಲ ಅವಳು ಅತ್ತಿದ್ದಳು. ಹೊನ್ನಕ್ಕ ತಲೆಯೆತ್ತದೆ, "ರಟ್ಟು ಐತಿ. ಹೆದರಬ್ಯಾಡ, ಒತ್ತು" ಎಂದಿದ್ದಳು. ಅಷ್ಟೇ ಅಂದದ್ದು.

ಹೊನ್ನಕ್ಕನ ಮೇಜು ಈಗ ಖಾಲಿ ಇತ್ತು. ಮೂವತ್ತು ವರ್ಷದ ಹಳೆಯ ಮೇಜು. ಅದರ ಮೇಲೆ ಒಂದೂ ಗೆರೆ ಇರಲಿಲ್ಲ.

"ಹುಬ್ಬಳ್ಳಿಯವ ತೋರಿಸಿದ ಹಸಿರು ಹಾಸೂ ಚಲೋನ ಇತ್ತು" ಎಂದಳು ಹೊನ್ನಕ್ಕ. "ಗೆರಿ ತಿನ್ನೋದು ಯಾವುದಾದ್ರೂ ಚಲೋನ. ತಿನ್ನದ ಇದ್ದದ್ದು ಚಾಕುನ ತಿರುಗಿ ಕೈಗೆ ಕಳಸ್ತದ."

ನೀಲಗಂಗಾ ಬಹಳ ಹೊತ್ತು ಆ ಏಳು ಗೆರೆಗಳ ಮೇಲೆ ಬೆರಳಾಡಿಸಿದಳು.

"ಹೊನ್ನಕ್ಕಾ, ಆಕಿ ಬೆರಳಿಗೆ ರಕ್ತ ಬಂದಾಗ ನಾ ಮೊದಲ ಗಾಜು ಒರಿಸಿದೆ."

"ಹೂಂ" ಎಂದಳು ಹೊನ್ನಕ್ಕ. ಬೈಯಲಿಲ್ಲ. ಕೆಳಗಿನ ಭಾಗವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟಳು. "ಇದು ನಿನ್ನ ಪಾಲು. ಮ್ಯಾಲಿಂದು ನನಗ ಬೇಕು, ನನ್ನ ಕೈನೂ ಈಗ ನಡಗತದ."

ನೀಲಗಂಗಾ ನೇರ ಖಾನಾವಳಿಗೆ ಹೋದಳು. ಒಲೆಯ ಮುಂದೆ ದೇವಕ್ಕ ರೊಟ್ಟಿ ಬಡಿಯುತ್ತಿದ್ದಳು. ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಹಿಟ್ಟಿನಿಂದ ಬೆಳ್ಳಗಾಗಿತ್ತು. ನೀಲಗಂಗಾ ಅವಳ ಪಕ್ಕ ನೆಲದ ಮೇಲೇ ಕೂತು, ಸೀರೆಯ ಗಂಟು ಬಿಚ್ಚಿ, ರಟ್ಟನ್ನು ಮುಂದಿಟ್ಟಳು.

"ಇದೇನ್ರಿ ಅಕ್ಕೋರ, ಹೆಗ್ಗಣ ಕಡಿದೈತೇನು?"

"ನಾ ಕಡಿದದ್ದು. ಕಲಿಯೋ ವರ್ಷ."

ದೇವಕ್ಕ ಕೈಯೊರೆಸಿಕೊಂಡು ಬಗ್ಗಿ ನೋಡಿದಳು. ಒಂದು ಆಳದ ಗೆರೆಯಲ್ಲಿ ಉಗುರು ಇಳಿಸಿ ನೋಡಿದಳು. "ಯವ್ವಾ, ಇಷ್ಟ ಒತ್ತಿದ್ರ್ಯಾ? ನಾನರ ರೊಟ್ಟಿ ಬಡಿಯಾಕಿ. ನೀವೇನು ಕಲ್ಲು ಒಡಿತಿದ್ರೇನು?"

ತವೆಯ ಮೇಲೆ ರೊಟ್ಟಿ ಸೀದಿತು. ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ನೀಲಗಂಗಾ ಅವಳ ಎಡಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಹಿಟ್ಟಾದ ಬಟ್ಟೆ ಬಿಚ್ಚಿ, ತೊಳೆದು, ಬೇರೆ ಬಟ್ಟೆ ಸುತ್ತಿದಳು. ಆ ದಿನ ಮಾಡಬೇಕಾಗಿದ್ದ ಕೆಲಸ ಅದು. "ನಾಳೆ ಬರ್ರಿ. ಗಾಜು ತಗಸ್ತೀನಿ" ಎಂದಳು.

ದೇವಕ್ಕ ಬಂದಳು. ರಟ್ಟಿನ ಮೇಲೆ ಹಾಳೆಯಿಟ್ಟು ಹೆದರುತ್ತ ಒತ್ತಿದಳು. ಚಾಕು ಕೂದಲೆಳೆಯಷ್ಟು ಒಳಗಿಳಿದು ಅಲ್ಲೇ ಹಿಡಿದು ನಿಂತಿತು, ಜಾರಲಿಲ್ಲ. ಎಸಳು ಇಡಿಯಾಗಿ ಬಿಟ್ಟು ಬಂತು. ದೇವಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಉಸಿರು ಹಿಡಿದು ಕೂತಳು, ಹಾರಿ ಹೋದೀತೆಂದು. ಎರಡು ದಿನ ಅವಳು ಒತ್ತಿ ಒತ್ತಿ ಕೊರೆದಳು. ಯಾರೂ ಹಗುರ ಎನ್ನಲಿಲ್ಲ. ಐದನೆಯ ದಿನ ಕೈ ತಾನಾಗಿಯೇ ಹಗುರಾಗಿತ್ತು.

ಮದುವೆಯ ದಿನ ರತ್ನವ್ವನ ಹಣೆಯ ಮೇಲೆ ಅವ್ವ ಮಾಡಿದ ಬಾಸಿಂಗ ಇತ್ತು. ಎಡಗಡೆಯ ನವಿಲು ಬಲಗಡೆಯದಕ್ಕಿಂತ ಸ್ವಲ್ಪ ದಪ್ಪ. "ಅದು ಉಂಡು ಬಂದೈತಿ" ಎಂದು ದೇವಕ್ಕ ಎಲ್ಲರಿಗೂ ತಾನೇ ಹೇಳಿದಳು.

ಮದುವೆ ಮುಗಿದರೂ ದೇವಕ್ಕ ಬರುವುದು ಬಿಡಲಿಲ್ಲ. ಹೊಸ ಕೆಲಸ ಬಂದಿತ್ತು. ರಟ್ಟಿನ ಮೇಲಿನ ಪದರ ಅವಳ ಗೆರೆಗಳಿಂದ ತುಂಬಿಹೋಗಿತ್ತು. ನೀಲಗಂಗಾ ಹುಣಸೆಬೀಜದ ಅಂಟು ಕಾಸಿದಳು. ರತ್ನವ್ವನ ಲಗ್ನಪತ್ರ ತೆಗೆದು, ಮದುಮಕ್ಕಳ ಹೆಸರಿದ್ದ ಹಾಳೆಯನ್ನು ದೇವರ ಮಾಡದಲ್ಲಿಟ್ಟಳು. ಉಳಿದ ಹಾಳೆಗೆ ಅಂಟು ಸವರಿ ರಟ್ಟಿನ ಮೇಲೆ ಹಚ್ಚಿದಳು. ಸುಖಾಗಮನ ಬಯಸುವವರ ಪಟ್ಟಿ ಮೇಲಕ್ಕೆ ಬಂತು. ಅದರಲ್ಲಿ ಕೊನೆಯ ಸಾಲು ಹೀಗಿತ್ತು: ನೀಲಗಂಗಾ ಅಕ್ಕೋರು.

ಕಲ್ಲಿನ ಕೆಳಗೆ ಇಟ್ಟು ಒಣಗಿಸಿದ ಮೇಲೆ ದೇವಕ್ಕ ಚಾಕು ಹಿಡಿದು ಕೂತಳು. ಪಟ್ಟಿ ಓದಿದಳು. ಕೈ ಅಲ್ಲೇ ನಿಂತಿತು.

"ಅಕ್ಕೋರ, ನಿಮ್ಮ ಹೆಸರಿನ ಮ್ಯಾಲ ಚಾಕು ಹೆಂಗ ಇಡ್ಲಿ?"

"ಇಡ್ರಿ" ಎಂದಳು ನೀಲಗಂಗಾ. "ಅದಕ್ಕಂತನ ಅದು ಅಲ್ಲೈತಿ. ಹೆದರಬ್ಯಾಡ್ರಿ, ಒತ್ತರಿ."

ನೀತಿ: ಗೆರೆ ಬೀಳಬಾರದೆಂದು ಗಟ್ಟಿಯಾದದ್ದನ್ನು ಹಾಸಿದರೆ ಆ ಗೆರೆ ಕಲಿಯುವವರ ಬೆರಳಿಗೆ ಬೀಳುತ್ತದೆ. ಕಲಿಸುವವರು ಕಲಿಯುವವರ ತಪ್ಪನ್ನು ತಮ್ಮ ಮೇಲೆ ತೆಗೆದುಕೊಳ್ಳುವಷ್ಟು ಮೆತ್ತಗಿರಬೇಕು. ಒಂದು ಕಾಲಕ್ಕೆ ನಮ್ಮ ತಪ್ಪನ್ನೂ ಯಾರೋ ಹಾಗೆ ತೆಗೆದುಕೊಂಡಿದ್ದರು.